ಇವತ್ತು ಎಲ್ಲಿ ಆಟ?

ನವೆಂಬರ್ ಬಂತೆಂದರೆ ಉಡುಪಿ, ಮಂಗಳೂರು ಕಡೆ ಸಂಜೆ ಹೊತ್ತು ಈ ಪ್ರಶ್ನೆ ಕಿವಿಗೆ ಬೀಳದ ದಿನ ಇಲ್ಲ. ಆಟ ಅಂದರೆ ಯಕ್ಷಗಾನ. ಅದನ್ನು ಆಡುವ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟಿರುತ್ತವೆ. ಇವತ್ತು ಒಂದು ಊರು, ನಾಳೆ ಇನ್ನೊಂದು ಊರು. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಪಟ್ಟಿ ಬರುತ್ತದೆ. ಅದರ ಫೋಟೋ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕುವವರೂ ಇದ್ದಾರೆ.

ನನ್ನ ಅಕ್ಕನ ಮಗಳು ಮಂಗಳೂರಿನಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದಾಳೆ. ಕಾಲೇಜಿನಲ್ಲಿ ವೆಬ್ ಪುಟ ಮಾಡುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಶುರುವಾಗಿತ್ತು. ಒಂದು ಭಾನುವಾರ ಉಡುಪಿಗೆ ಬಂದವಳು, "ಮಾವ, ಸಿಂಟ್ಯಾಕ್ಸ್ ಎಲ್ಲ ಬಾಯಿಪಾಠ ಉಂಟು. ಆದರೆ ಅದರಲ್ಲಿ ಎಂತ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ" ಎಂದಳು.

"ಆಟದ ಪಟ್ಟಿ ಮಾಡು. ಪುಟ ತೆರೆದರೆ ಇವತ್ತಿನ ಆಟ ಮಾತ್ರ ಕಾಣಬೇಕು. ಅಷ್ಟೇ ಸಾಕು" ಎಂದೆ.

ಸುಲಭದ ಕೆಲಸ ಅನಿಸುತ್ತದೆ, ಅಲ್ವಾ? ವೆಬ್ ಪುಟದ ರೂಪ ಬರೆಯುವ ಎಚ್‌ಟಿಎಂಎಲ್ ಒಂದರಲ್ಲೇ ಪಟ್ಟಿ ಬರೆದಿಟ್ಟರೆ ಇವತ್ತಿಗೆ ಸರಿ. ನಾಳೆ ಅದು ಹಳತಾಗುತ್ತದೆ. ದಿನಾ ಸಂಜೆ ಯಾರಾದರೂ ಕೂತು ತಿದ್ದಬೇಕು. ಆ ಪುಟಕ್ಕೆ ಇವತ್ತು ಯಾವ ದಿನ ಎಂಬುದೇ ಗೊತ್ತಿಲ್ಲ. ಸರ್ವರ್ ಕಡೆಯ ಭಾಷೆ, ಅಂದರೆ ಪುಟ ಕಳಿಸಿಕೊಡುವ ಕಂಪ್ಯೂಟರಿನಲ್ಲೇ ನಡೆಯುವ ಪಿಎಚ್‌ಪಿಯಂಥ ಭಾಷೆ, ಬೇಕಾಗುವುದು ಇಲ್ಲಿ. ಅದರಲ್ಲಿ ಪುಟವನ್ನು ಮೊದಲೇ ಮಾಡಿ ಇಟ್ಟಿರುವುದಿಲ್ಲ. ಯಾರಾದರೂ ಕೇಳಿದಾಗ, ಆ ಕ್ಷಣಕ್ಕೆ, ಅವರಿಗೆ ಬೇಕಾದ ಹಾಗೆ ಹೊಸದಾಗಿ ಮಾಡಿ ಕೊಡುತ್ತದೆ.

ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ. ಪ್ರಸಂಗದ ಪದ್ಯ ಬರೆದಿಟ್ಟದ್ದು. ಭಾಗವತರು ಅದನ್ನು ಇದ್ದ ಹಾಗೆಯೇ ಹಾಡುತ್ತಾರೆ. ಪದ್ಯ ಮುಗಿದ ಮೇಲೆ ಬರುವ ಅರ್ಥ ಮಾತ್ರ ಬರೆದಿಟ್ಟದ್ದಲ್ಲ. ಎದುರು ಕೂತ ಅರ್ಥಧಾರಿ ಏನು ಹೇಳಿದರು, ಎಷ್ಟು ಹೊತ್ತು ಉಳಿದಿದೆ ಎಂಬುದನ್ನೆಲ್ಲ ನೋಡಿಕೊಂಡು ಆ ರಾತ್ರಿಗೆ ಹುಟ್ಟುವ ಮಾತು ಅದು. ಪಿಎಚ್‌ಪಿ ಫೈಲ್ ಕೂಡ ಹೀಗೆಯೇ. ಅದರಲ್ಲಿರುವ ಎಚ್‌ಟಿಎಂಎಲ್ ಇದ್ದ ಹಾಗೆಯೇ ಹೊರಗೆ ಹೋಗುತ್ತದೆ. ನಡುನಡುವೆ ಪಿಎಚ್‌ಪಿ ಗುರುತು ಹಾಕಿದ ಜಾಗ ಬಂದಾಗ ಸರ್ವರ್ ನಿಂತು ಯೋಚಿಸುತ್ತದೆ. ಇವತ್ತು ಯಾವ ತಾರೀಕು? ಆ ತಾರೀಕಿಗೆ ಡೇಟಾಬೇಸಿನಲ್ಲಿ ಯಾವ ಆಟ ಇದೆ? ಬಂದ ಉತ್ತರವನ್ನು ಆ ಜಾಗದಲ್ಲಿ ತುಂಬಿ ಮುಂದೆ ಹೋಗುತ್ತದೆ.

ಅವಳು ಲ್ಯಾಪ್‌ಟಾಪಿನಲ್ಲಿ ಇವತ್ತಿನ ತಾರೀಕು ತೋರಿಸುವ ನಾಲ್ಕು ಸಾಲು ಬರೆದಳು. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಬ್ರೌಸರಿನಲ್ಲಿ ತೆರೆದಳು. ಬರೆದ ಕೋಡೇ ಹಾಗೆಹಾಗೆಯೇ ಎದುರಿಗೆ ಬಂತು. "ಎಂತ ಮಾವ ಇದು? ಕೋಡ್ ಎಲ್ಲ ಸರಿ ಉಂಟು."

ಕೋಡ್ ಸರಿಯೇ ಇತ್ತು. ಅದನ್ನು ಓದಿ ನಡೆಸುವವರು ಯಾರೂ ಇರಲಿಲ್ಲ. ಬ್ರೌಸರಿಗೆ ಪಿಎಚ್‌ಪಿ ಬರುವುದಿಲ್ಲ. ಅದಕ್ಕೆ ತಿಳಿಯುವುದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಬಣ್ಣ ಬಳಿದು ವೇಷ ಕಟ್ಟುವುದು ಚೌಕಿಯಲ್ಲಿ; ರಂಗಸ್ಥಳಕ್ಕೆ ಬರುವುದು ಸಿದ್ಧವಾದ ವೇಷ. ಅವಳು ಚೌಕಿಗೆ ಹೋಗದೆಯೇ ಬಣ್ಣದ ಡಬ್ಬಿಗಳನ್ನು ತಂದು ರಂಗಸ್ಥಳದಲ್ಲಿ ಇಟ್ಟ ಹಾಗಾಗಿತ್ತು. 2012ರಲ್ಲಿ ಬಂದ 5.4ನೇ ಆವೃತ್ತಿಯಿಂದ ಈಚೆಗೆ ಪಿಎಚ್‌ಪಿಯ ಒಳಗೇ ಕಲಿಕೆಗೆ ಸಾಕಾಗುವ ಪುಟ್ಟ ಸರ್ವರ್ ಒಂದಿದೆ. ಒಂದು ಸಾಲಿನ ಆಜ್ಞೆಯಲ್ಲಿ ಅದನ್ನು ಶುರು ಮಾಡಿ, ಬ್ರೌಸರಿನಲ್ಲಿ ತನ್ನದೇ ಯಂತ್ರದ ವಿಳಾಸವಾದ ಲೋಕಲ್‌ಹೋಸ್ಟ್ ಟೈಪ್ ಮಾಡಿದಳು. ತಾರೀಕು ಬಂತು.

"ಈಗ ಪೇಜ್ ಸೋರ್ಸ್ ತೆಗೆದು ನೋಡು, ಬ್ರೌಸರಿಗೆ ಬಂದು ತಲುಪಿದ್ದು ಏನು ಅಂತ" ಎಂದೆ. ನೋಡಿದಳು. ತಾರೀಕು ಇತ್ತು, ಸುತ್ತ ಎಚ್‌ಟಿಎಂಎಲ್ ಇತ್ತು. ಅವಳು ಬರೆದ ಪಿಎಚ್‌ಪಿಯ ಒಂದು ಅಕ್ಷರವೂ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಳು. ಪಾಠದಲ್ಲಿ ಎಷ್ಟು ಸಲ ಕೇಳಿದರೂ ಹತ್ತದ ವಿಷಯ ಆಗ ತಲೆಗೆ ಹತ್ತಿತು. ಈ ಭಾಷೆ ಕಲಿಯುವ ಯಾರೇ ಆಗಲಿ, ಮೊದಲ ದಿನವೇ ಪೇಜ್ ಸೋರ್ಸ್ ತೆರೆದು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಈ ಭಾಷೆ ಹುಟ್ಟಿದ್ದೂ ಇಂಥದೇ ಸಣ್ಣ ಅಗತ್ಯದಿಂದ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಬಯೋಡೇಟಾವನ್ನು ವೆಬ್‌ನಲ್ಲಿ ಹಾಕಿದ್ದರು. ಅದನ್ನು ಯಾರು ಬಂದು ನೋಡಿದರು ಎಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಚಿಕ್ಕ ಪ್ರೋಗ್ರಾಂ ಬರೆದುಕೊಂಡರು. ಹೆಸರು ಪರ್ಸನಲ್ ಹೋಮ್ ಪೇಜ್ ಟೂಲ್ಸ್. 1995ರ ಜೂನ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇಸ್ರೇಲಿನ ಆಂಡಿ ಗುಟ್‌ಮನ್ಸ್ ಮತ್ತು ಝೀವ್ ಸುರಾಸ್ಕಿ ಅದನ್ನು ಹೊಸದಾಗಿ ಬರೆದರು. 1998ರಲ್ಲಿ ಪಿಎಚ್‌ಪಿ 3 ಬಂತು. ಅವರ ನೆನಪಿಗೆ ಒಂದು ಗುರುತು ಬಹಳ ಕಾಲ ಉಳಿದಿತ್ತು. ಎರಡು ಸಲ ಕೋಲನ್ ಹಾಕುವ ಕಡೆ ತಪ್ಪಿದರೆ, ಇಂಗ್ಲಿಷ್ ದೋಷಸೂಚನೆಯ ನಡುವೆ "ಪಾಮಾಯಿಂ ನೆಕುಡೋಟಾಯಿಂ" ಎಂಬ ಪದ ಬರುತ್ತಿತ್ತು. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ ಜೋಡಿ ಕೋಲನ್. ಪ್ರೋಗ್ರಾಮಿಂಗ್ ಭಾಷೆಯ ಒಳಗೆ ತಮ್ಮ ನಾಡಿನ ಭಾಷೆಯ ಪದ ಇಟ್ಟರಲ್ಲ ಎಂದು ನನಗೆ ಇವತ್ತಿಗೂ ಖುಷಿ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಪಿಎಚ್‌ಪಿಯಲ್ಲೇ ಇದೆ. 2016ರಲ್ಲಿ ಶುರುವಾದ ತುಳು ವಿಕಿಪೀಡಿಯದ ಪುಟ ತೆರೆದಾಗಲೂ ಹಿಂದೆ ಕೆಲಸ ಮಾಡುವುದು ಅದೇ ಭಾಷೆ.

ಪೈಥಾನ್, ಜಾವಾ, ರೂಬಿ, ನೋಡ್ ಯಾವುದರಲ್ಲಿ ಬೇಕಾದರೂ ಇದೇ ಕೆಲಸ ಮಾಡಬಹುದು. ಹೊಸಬರಿಗೆ ನಾನು ಪಿಎಚ್‌ಪಿ ಹೇಳುವುದಕ್ಕೆ ಕಾರಣ ಒಂದೇ. ಫೈಲ್ ಸೇವ್ ಮಾಡಿ ಪುಟ ರಿಫ್ರೆಶ್ ಮಾಡಿದರೆ ಮಾಡಿದ ಬದಲಾವಣೆ ಕಣ್ಣೆದುರೇ ಕಾಣುತ್ತದೆ.

ಎರಡನೇ ವಾರ ಅವಳಿಗೆ ಬೇರೆ ತೊಂದರೆ. ಫೋನಿನಲ್ಲಿ ಊರ ಹೆಸರು ಉದ್ದವಾಗಿ ಸಾಲು ಮುರಿಯುತ್ತಿತ್ತು. ಹೆಸರನ್ನು 20 ಅಕ್ಷರಕ್ಕೆ ಕತ್ತರಿಸಲು ಕೋಡಿನಲ್ಲಿ ಹೇಳಿದಳು. "ಮಂದಾರ್ತಿ" ಎಂದು ಇರಬೇಕಾದಲ್ಲಿ "ಮಂದಾರ್" ಎಂದು ಬಂದು, ಪಕ್ಕದಲ್ಲಿ ಕಪ್ಪು ಚೌಕದೊಳಗೆ ಪ್ರಶ್ನೆಚಿಹ್ನೆ. ಮಂದಾರ್ತಿಯಲ್ಲಿ 20 ಅಕ್ಷರ ಎಲ್ಲಿದೆ?

ಪಿಎಚ್‌ಪಿಯ ಹಳೆಯ ಫಂಕ್ಷನ್‌ಗಳು ಅಕ್ಷರ ಎಣಿಸುವುದಿಲ್ಲ, ಅಕ್ಷರವನ್ನು ಇಡಲು ಕಂಪ್ಯೂಟರ್ ಬಳಸುವ ಬೈಟ್ ಎಣಿಸುತ್ತವೆ. ಈಗ ವೆಬ್‌ನಲ್ಲಿ ನಡೆಯುವ ಯುಟಿಎಫ್-8 ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಚಿಹ್ನೆಗೆ 3 ಬೈಟ್. ಮಂದಾರ್ತಿಯಲ್ಲಿ ಮ, ಸೊನ್ನೆ, ದ, ದೀರ್ಘ, ರ, ವಿರಾಮ, ತ, ಗುಡಿಸು ಎಂದು 8 ಚಿಹ್ನೆ. ಒಟ್ಟು 24 ಬೈಟ್. 20ಕ್ಕೆ ಕತ್ತರಿಸಿದರೆ ಮೊದಲ ಆರು ಚಿಹ್ನೆ ಪೂರ್ತಿ ಬಂದು 18 ಆಗುತ್ತದೆ. ಉಳಿದ 2 ಬೈಟ್ ತಕಾರದ ಮುರುಕು. ಆ ಮುರುಕನ್ನು ಓದಲಾಗದೆ ಬ್ರೌಸರ್ ಪ್ರಶ್ನೆಚಿಹ್ನೆ ತೋರಿಸಿತು.

"ಉಡುಪಿ" ಎಂಬ ಪದ ಹಿಡಿದು ಮೂರು ಬಗೆಯಲ್ಲಿ ಎಣಿಸಿ ನೋಡು ಎಂದೆ. ಪಿಎಚ್‌ಪಿಯಲ್ಲಿ ಎಣಿಸುವ ಮೂರು ಫಂಕ್ಷನ್ ಇವೆ. ಸ್ಟ್ರ್‌ಲೆನ್ 15 ಎಂದಿತು, ಅಂದರೆ ಬೈಟ್. ಎಂಬಿ-ಸ್ಟ್ರ್‌ಲೆನ್ 5 ಎಂದಿತು, ಅಂದರೆ ಚಿಹ್ನೆ. ಗ್ರಾಫೀಮ್-ಸ್ಟ್ರ್‌ಲೆನ್ 3 ಎಂದಿತು. ಉ, ಡು, ಪಿ. ಒಂದನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳುವ ಉತ್ತರವೂ ಅದೇ. ಇಂಗ್ಲಿಷ್ ಉದಾಹರಣೆಗಳಲ್ಲೇ ಕಲಿತವರಿಗೆ ಈ ಮೂರೂ ಒಂದೇ ಸಂಖ್ಯೆ ಕೊಡುತ್ತವೆ, ಹಾಗಾಗಿ ವ್ಯತ್ಯಾಸ ಇದೆ ಎಂದೇ ಗೊತ್ತಾಗುವುದಿಲ್ಲ. ನಮ್ಮ ಮಕ್ಕಳು ಕನ್ನಡ ಪದ ಹಾಕಿಯೇ ಕಲಿಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಇಷ್ಟಾದ ಮೇಲೆ ಪುಟವನ್ನು ಹೋಸ್ಟಿಂಗ್‌ಗೆ ಹಾಕಿದಳು. ಮನೆಯವರು, ನೆಂಟರು ನೋಡತೊಡಗಿದರು. ಒಂದು ದಿನ ಪರೀಕ್ಷೆಗೆ ಓದಲೆಂದು ಬೆಳಗ್ಗೆ 5 ಗಂಟೆಗೆ ಎದ್ದವಳು ಪುಟ ತೆರೆದರೆ ನಿನ್ನೆಯ ತಾರೀಕು! ಕಾರಣ ಬೇಗ ಸಿಕ್ಕಿತು. ನಾವು ಹೇಳದಿದ್ದರೆ ಪಿಎಚ್‌ಪಿ ಯುಟಿಸಿ ಎಂಬ ಜಾಗತಿಕ ಸಮಯ ಹಿಡಿಯುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅವಳ ಪುಟದಲ್ಲಿ ದಿನ ಬದಲಾಗುತ್ತಿದ್ದದ್ದು ಬೆಳಗ್ಗೆ ಐದೂವರೆಗೆ. ಏಷ್ಯಾ-ಕೋಲ್ಕತಾ ಎಂದು ಒಂದು ಸಾಲು ಸೇರಿಸಿದಳು. ಸರಿಯಾಯಿತು ಎಂದುಕೊಂಡೆವು.

ಆ ವಾರವೇ ಭಾವ ರಾತ್ರಿ ಇಡೀ ನಡೆಯುವ ಬಯಲಾಟಕ್ಕೆ ಹೋಗಿದ್ದರು. ಹನ್ನೆರಡೂವರೆಗೆ ಮಗಳಿಗೆ ಮೆಸೇಜ್ ಬಂತು. "ಮಗಳೇ, ಆಟ ಇಲ್ಲೇ ಆಗ್ತಾ ಉಂಟು. ನಿನ್ನ ಪುಟ ಬೇರೆ ಊರು ತೋರಿಸ್ತಾ ಉಂಟಲ್ಲ? ಗೆಳೆಯನಿಗೆ ದಾರಿ ಹೇಳಲು ನೋಡಿದೆ."

ಗಡಿಯಾರದ ಲೆಕ್ಕದಲ್ಲಿ ಪುಟ ಹೇಳಿದ್ದು ಸರಿ. 12 ದಾಟಿದ ಮೇಲೆ ಹೊಸ ದಿನ. ಆದರೆ ಆಟಕ್ಕೆ ಹೋದವರಿಗೆ ಅದು ಇನ್ನೂ ಇವತ್ತು. ಮಂಗಳ ಹಾಡಿ, ಬೆಳಕು ಹರಿದು, ಮನೆಗೆ ಬಂದು ಚಾ ಕುಡಿದ ಮೇಲೆಯೇ ನಾಳೆ. ಮೊದಲಿದ್ದ ತಪ್ಪು ಸಮಯ ಅಕಸ್ಮಾತ್ತಾಗಿ ಆಟದ ದಿನಕ್ಕೆ ಹೊಂದಿಕೊಂಡಿತ್ತು. ಸರಿ ಮಾಡಿದಾಗ ಅದು ಕೆಟ್ಟಿತು.

ಆ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಮಾತಾಡಿದ್ದು ಕೋಡಿನ ಬಗ್ಗೆ ಅಲ್ಲ. "ಇವತ್ತು" ಅಂದರೆ ಯಾವಾಗಿನಿಂದ ಯಾವಾಗಿನವರೆಗೆ ಎಂಬುದರ ಬಗ್ಗೆ. ಊರಿನವರೆಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಅದು. ಯಂತ್ರಕ್ಕೆ ಮಾತ್ರ ಬಿಡಿಸಿ ಹೇಳಲೇಬೇಕು. ಕೊನೆಗೆ ಸಿಕ್ಕ ಉಪಾಯ ಸಣ್ಣದು: ಈಗಿನ ಹೊತ್ತಿನಿಂದ 6 ಗಂಟೆ ಕಳೆ, ಆಗ ಯಾವ ತಾರೀಕು ಬರುತ್ತದೋ ಅದೇ ಇವತ್ತು. ರಾತ್ರಿ ಒಂದೂವರೆಗೆ ತೆರೆದರೆ ಲೆಕ್ಕ ಹಿಂದಿನ ಸಂಜೆ ಏಳೂವರೆಗೆ ಹೋಗುತ್ತದೆ. ಬೆಳಗ್ಗೆ 6ಕ್ಕೆ ದಿನ ಬದಲಾಗುತ್ತದೆ. ಈಗ ರಾತ್ರಿ ಇಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿಯ ಆಟಗಳೇ ಜಾಸ್ತಿ. ಅವಕ್ಕೂ ಇದರಿಂದ ಏನೂ ತೊಂದರೆ ಇಲ್ಲ. ಕೋಡಿನಲ್ಲಿ ಇದು ಒಂದೇ ಸಾಲು. ಅದರ ಮೇಲೆ ಅವಳು ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದಾಳೆ: "ಆಟ ಮುಗಿಯದೆ ದಿನ ಮುಗಿಯುವುದಿಲ್ಲ."

ಮುಂದಿನ ಆಸೆ, ಆಟ ಆಡಿಸುವವರೇ ಬಂದು ತಮ್ಮ ಆಟ ಸೇರಿಸಬೇಕು ಎಂಬುದು. ಅದಕ್ಕೆ ಲಾಗಿನ್ ಬೇಕು. ಇಲ್ಲಿ ವೆಬ್‌ನ ಒಂದು ಮೂಲಗುಣ ಎದುರಾಗುತ್ತದೆ: ಅದಕ್ಕೆ ನೆನಪಿಲ್ಲ. ಈಗ ಪುಟ ಕೇಳಿದವರು, ಅರೆಕ್ಷಣ ಬಿಟ್ಟು ಇನ್ನೊಂದು ಪುಟ ಕೇಳಿದರೂ, ಪುಟ ಕೇಳಿ ಕೊಡುವ ಪದ್ಧತಿಯಾದ ಎಚ್‌ಟಿಟಿಪಿಗೆ ಅವರು ಹೊಸಬರೇ. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮಾಂಟುಲಿ ಇದಕ್ಕೆ ಕುಕ್ಕಿ ಎಂಬ ದಾರಿ ಹುಡುಕಿದರು: ಸರ್ವರ್ ಕೊಟ್ಟು ಬ್ರೌಸರ್ ಇಟ್ಟುಕೊಳ್ಳುವ ಸಣ್ಣ ಚೀಟಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟರೆ ಟೋಕನ್ ಕೊಡುತ್ತಾರಲ್ಲ, ಹಾಗೆಯೇ. ಅಲ್ಲಿ ಕೂತವರಿಗೆ ನಮ್ಮ ಮುಖ ನೆನಪಿರುವುದಿಲ್ಲ. ಟೋಕನ್ ತೋರಿಸಿದರೆ ಆ ನಂಬರಿನ ಚಪ್ಪಲಿ ತೆಗೆದು ಕೊಡುತ್ತಾರೆ. ಪಿಎಚ್‌ಪಿ ಲಾಗಿನ್‌ಗೆ ಕೊಡುವ ಕುಕ್ಕಿಯಲ್ಲಿ ಇರುವುದು ಇಂಥ ಒಂದು ಗುರುತು ಮಾತ್ರ. ನೀವು ಯಾರು, ಲಾಗಿನ್ ಆಗಿದ್ದೀರಾ ಎಂಬ ವಿವರ ಸರ್ವರಿನ ಸೆಷನ್‌ನಲ್ಲಿ ಇರುತ್ತದೆ. ಟೋಕನ್ ಬೇರೆಯವರ ಕೈಗೆ ಸಿಕ್ಕಿದರೆ ಚಪ್ಪಲಿ ಅವರ ಪಾಲು. ಹಾಗಾಗಿ ನಡುದಾರಿಯಲ್ಲಿ ಯಾರೂ ಓದದಂತೆ ಗುಟ್ಟಾಗಿ ಕಳಿಸುವ ಎಚ್‌ಟಿಟಿಪಿಎಸ್ ಇಲ್ಲದೆ ಲಾಗಿನ್ ಇಡಲೇಬಾರದು.

ಹೊರಗಿನವರು ಬರೆದದ್ದನ್ನು ಒಳಗೆ ಬಿಟ್ಟುಕೊಳ್ಳುವಾಗ ಇನ್ನೂ ದೊಡ್ಡ ಅಪಾಯ ಇದೆ. ಇದನ್ನು ನಾನು ಕಷ್ಟಪಟ್ಟು ಕಲಿತವನು. ತುಂಬ ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಪುಟ ಮಾಡಿ ಕೊಟ್ಟಿದ್ದೆ. ಹುಡುಕುವ ಡಬ್ಬಿಯಲ್ಲಿ ಜನ ಟೈಪ್ ಮಾಡಿದ್ದನ್ನು ಸೀದಾ ಡೇಟಾಬೇಸಿನ ಆಜ್ಞೆಗೆ ಅಂಟಿಸಿದ್ದೆ. ಯಾರೋ ಅಲ್ಲಿ ಊರ ಹೆಸರಿನ ಬದಲು ಉದ್ಧರಣ ಚಿಹ್ನೆ ಹಾಕಿ, ಅದರ ಮುಂದೆ ತಮ್ಮದೇ ಆಜ್ಞೆ ಬರೆದರು. ಡೇಟಾಬೇಸ್ ಅದನ್ನೂ ನನ್ನ ಆಜ್ಞೆ ಎಂದೇ ತಿಳಿದು ನಡೆಸಿತು. ಬೆಳಗಾಗುವಾಗ ಪಟ್ಟಿ ಖಾಲಿ. ಅವರು ಮೂರು ವರ್ಷ ಕೂಡಿಸಿದ ಮಾಹಿತಿ ಹೋಗಿತ್ತು. ಬ್ಯಾಕಪ್ ಇರಲಿಲ್ಲ. ಆ ದಿನ ಅವರ ಎದುರು ಕೂತದ್ದು ನನಗೆ ಮರೆಯುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಬ್ಯಾಂಕಿನ ಚಲನ್ ನೆನಪಿಸಿಕೊಳ್ಳಿ. ಹೆಸರಿನ ಜಾಗದಲ್ಲಿ "ಹತ್ತು ಸಾವಿರ ಕೊಡಿ" ಎಂದು ಬರೆದರೆ ಕ್ಲರ್ಕ್ ಹಣ ಎಣಿಸಿ ಕೊಡುವುದಿಲ್ಲ. ಆ ಜಾಗದಲ್ಲಿ ಏನು ಬರೆದರೂ ಅದು ಹೆಸರು ಮಾತ್ರ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅಂದರೆ ಅಂಥ ಅಚ್ಚು ಹಾಕಿದ ಚಲನ್. ಆಜ್ಞೆ ಮೊದಲೇ ಸಿದ್ಧ, ಜನ ಕೊಟ್ಟದ್ದು ಖಾಲಿ ಜಾಗಕ್ಕೆ ಮಾತ್ರ. ಪಿಎಚ್‌ಪಿಯಲ್ಲಿ ಡೇಟಾಬೇಸಿನೊಡನೆ ಮಾತಾಡುವ ಪಿಡಿಒ ಎಂಬ ಸಲಕರಣೆ ಬಳಸಿದರೆ ಇದು ಸಲೀಸು. ಒಂದು ಎಚ್ಚರಿಕೆ ಹೇಳಲೇಬೇಕು. ವೆಬ್‌ನಲ್ಲಿ ಇನ್ನೂ ಸಿಗುವ ಹಳೆಯ ಪಾಠಗಳಲ್ಲಿ ಮೈಎಸ್‌ಕ್ಯುಎಲ್-ಕ್ವೆರಿ ಎಂಬ ಫಂಕ್ಷನ್ ಇರುತ್ತದೆ. 2015ರ ಪಿಎಚ್‌ಪಿ 7ರಲ್ಲೇ ಅದನ್ನು ತೆಗೆದುಹಾಕಿದ್ದಾರೆ. ಅದು ಕಂಡರೆ ಆ ಪಾಠ ಬಿಟ್ಟು ಮುಂದೆ ಹೋಗಿ. ಹಾಗೆಯೇ, ಜನ ಬರೆದದ್ದನ್ನು ಪುಟದಲ್ಲಿ ತೋರಿಸುವ ಮೊದಲು ಎಚ್‌ಟಿಎಂಎಲ್-ಸ್ಪೆಷಲ್‌ಚಾರ್ಸ್ ಎಂಬ ಫಂಕ್ಷನ್ ದಾಟಿಸಿ. ಇಲ್ಲದಿದ್ದರೆ ಅವರು ಬರೆದ ಸ್ಕ್ರಿಪ್ಟ್ ನೋಡುವವರ ಬ್ರೌಸರಿನಲ್ಲಿ ಓಡುತ್ತದೆ.

ಪುಟ ಹೀಗೆ ತಿಂಗಳುಗಟ್ಟಲೆ ನಡೆಯಿತು. ಮೇ ಕೊನೆಗೆ ಒಂದು ಸಂಜೆ ಅವಳಿಂದ ಫೋನ್. "ಮಾವ, ಪುಟ ಖಾಲಿ ಬರ್ತಾ ಉಂಟು. ಡೇಟಾಬೇಸ್ ಕನೆಕ್ಷನ್ ಹೋಗಿದೆಯೋ ಎಂತವೋ."

"ನಿನ್ನೆ ಯಾವ ದಿನ?" ಎಂದು ಕೇಳಿದೆ.

ಸ್ವಲ್ಪ ತಡೆದು ನಕ್ಕಳು. ಹಿಂದಿನ ದಿನ ಪತ್ತನಾಜೆ, ತುಳುನಾಡಿನಲ್ಲಿ ತಿರುಗಾಟ ಮುಗಿಯುವ ದಿನ. ಮೇಳಗಳು ಗೆಜ್ಜೆ ಬಿಚ್ಚಿದ್ದವು. ಆಟವೇ ಇಲ್ಲದಿದ್ದರೆ ಡೇಟಾಬೇಸ್ ಸೊನ್ನೆ ಸಾಲು ಕೊಡುತ್ತದೆ, ಅದು ತಪ್ಪಲ್ಲ. ಆದರೆ ನೋಡುವವರಿಗೆ ಪುಟ ಕೆಟ್ಟಿದೆ ಅನಿಸುತ್ತದೆ. ಸಾಲು ಸೊನ್ನೆ ಇದ್ದರೆ "ಈ ವರ್ಷದ ತಿರುಗಾಟ ಮುಗಿದಿದೆ" ಎಂದು ತೋರಿಸುವ ಒಂದು ಇಫ್ ಷರತ್ತು ಸೇರಿಸಿದಳು.

ರಾತ್ರಿ ಮತ್ತೆ ಮೆಸೇಜ್ ಬಂತು. "ಮಾವ, ಮಳೆಗಾಲಕ್ಕೆ ತಾಳಮದ್ದಳೆ ಪಟ್ಟಿ ಹಾಕುವನಾ? ಅದಕ್ಕೆ ಬೇರೆ ಟೇಬಲ್ ಬೇಕಾ, ಇದರಲ್ಲೇ ಒಂದು ಕಾಲಂ ಸಾಕಾ?"