ಕನ್ಸೆಷನ್ ಅಂದ್ರೆ ರಿಯಾಯಿತಿ ಅಲ್ಲ

‘ಇಂಧನ ರಿಯಾಯಿತಿ ಒಪ್ಪಂದಗಳ ಕುರಿತು ವಿದೇಶಿ ಹೂಡಿಕೆದಾರರಿಗೆ ಕಾನೂನು ಸೇವೆ.’ ಕನ್ನಡಕ್ಕೆ ತಂದ ಒಂದು ಕರಪತ್ರದಲ್ಲಿ ಈ ಸಾಲು ಕಣ್ಣಿಗೆ ಬಿತ್ತು. ಸುದ್ದಿಗಳಲ್ಲಿ ‘ತೈಲ ರಿಯಾಯಿತಿ’ ಅನ್ನೋದನ್ನ ಎಷ್ಟೋ ಸಲ ನೋಡಿ ಸುಮ್ನಿದ್ದೆ. ಈ ಕರಪತ್ರ ಅಷ್ಟಕ್ಕೇ ನಿಲ್ಲದೆ ಹೂಡಿಕೆದಾರನನ್ನು ‘ರಿಯಾಯಿತಿದಾರ’ ಎಂದೂ ಕರೆದಿದೆ. ಇನ್ನು ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

ಫೀಸಿನಲ್ಲಿ, ಟಿಕೆಟ್ಟಿನಲ್ಲಿ ಸಿಗುವ ಕನ್ಸೆಷನ್‌ಗೆ ರಿಯಾಯಿತಿ ಸರಿಯಾದ ಮಾತೇ. ಅದರ ಬಗ್ಗೆ ತಕರಾರಿಲ್ಲ. ತೈಲ, ಅನಿಲದ ಒಪ್ಪಂದಗಳಲ್ಲಿ ಬರುವ ಕನ್ಸೆಷನ್ ಬೇರೆ. ಅಲ್ಲಿ ಯಾವ ಬೆಲೆಯೂ ಇಳಿಯುವುದಿಲ್ಲ. ನೆಲದಡಿಯ ಸಂಪತ್ತು ಸರ್ಕಾರದ್ದು. ಇಂತಿಷ್ಟು ಜಾಗದಲ್ಲಿ, ಇಂತಿಷ್ಟು ವರ್ಷ, ಅದನ್ನು ಹುಡುಕಿ ತೆಗೆದು ಮಾರುವ ಹಕ್ಕನ್ನು ಸರ್ಕಾರ ಒಂದು ಕಂಪನಿಗೆ ಬಿಟ್ಟುಕೊಡುತ್ತದೆ. ಕನ್ಸೆಷನ್ ಅಂದರೆ ಇಲ್ಲಿ ಅದು.

‘ಬಿಟ್ಟುಕೊಡು’ ಅಂತ ಸುಮ್ನೆ ಬರೆದದ್ದಲ್ಲ. ಪದದ ಬೇರು ಲ್ಯಾಟಿನ್‌ನ ‘ಕೇದೆರೆ’. ಹಿಂದೆ ಸರಿ, ದಾರಿ ಬಿಡು ಎಂದರ್ಥ. ವಾದದಲ್ಲಿ ಬಿಟ್ಟುಕೊಟ್ಟರೂ ಕನ್ಸೆಷನ್, ದರದಲ್ಲಿ ಬಿಟ್ಟುಕೊಟ್ಟರೂ ಕನ್ಸೆಷನ್, ಹಕ್ಕನ್ನು ಬಿಟ್ಟುಕೊಟ್ಟರೂ ಕನ್ಸೆಷನ್. ನಮ್ಮ ಅನುವಾದಕರಿಗೆ ಮಧ್ಯದ್ದೊಂದೇ ಗೊತ್ತು.

ಇನ್ನು ರಿಯಾಯಿತಿ ಬಂದ ದಾರಿಯೇ ಬೇರೆ. ಅದು ಅರಬ್ಬಿ ಮೂಲದ್ದು, ಪಾರಸಿಯ ಮೂಲಕ ನಮಗೆ ಬಂತು. ಅದರ ಬೇರಿನಲ್ಲಿರುವುದು ಮಂದೆ ಕಾಯುವ ಕೆಲಸ. ಕಾಯುವುದರಿಂದ ಕಾಳಜಿ, ಕಾಳಜಿಯಿಂದ ದಾಕ್ಷಿಣ್ಯ, ದಾಕ್ಷಿಣ್ಯದಿಂದ ಬೆಲೆಯಲ್ಲಿ ಕಡಿತ. ಅದೇ ಬೇರಿನಿಂದ ಹುಟ್ಟಿದ ಇನ್ನೊಂದು ಪದ ‘ರಯ್ಯತ್’. ಮೊದಲು ಮಂದೆ, ಆಮೇಲೆ ದೊರೆ ಕಾಯಬೇಕಾದ ಪ್ರಜೆ, ಕೊನೆಗೆ ನಮ್ಮ ‘ರೈತ’. ರೈತ, ರಿಯಾಯಿತಿ ಎರಡೂ ಒಂದೇ ಮಂದೆಯ ಕುರಿಗಳು! ಹಾಗಾಗಿ ರಿಯಾಯಿತಿ ಎಂದೊಡನೆ ಮೇಲಿನವನು ಕೆಳಗಿನವನಿಗೆ ತೋರಿಸಿದ ಕರುಣೆಯ ವಾಸನೆ ಬರುತ್ತದೆ. ತೈಲ ಕಂಪನಿಗೆ ಕರುಣೆ ಯಾಕೆ ಬೇಕು?

1901ರ ಪರ್ಷಿಯಾವನ್ನೇ (ಇಂದಿನ ಇರಾನ್) ನೋಡಿ. ಆಸ್ಟ್ರೇಲಿಯಾದ ಚಿನ್ನದ ಗಣಿಯಲ್ಲಿ ದುಡ್ಡು ಮಾಡಿದ್ದ ವಿಲಿಯಂ ನಾಕ್ಸ್ ಡಾರ್ಸಿಗೆ ಅಲ್ಲಿನ ದೊರೆ ಷಾ 60 ವರ್ಷಗಳ ಕನ್ಸೆಷನ್ ಕೊಟ್ಟ. ಉತ್ತರದ ಐದು ಪ್ರಾಂತ್ಯಗಳನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶ ಅದರೊಳಗೆ ಬಂತು. ಇದು ರಿಯಾಯಿತಿಯಾದರೆ ಡಾರ್ಸಿಗೆ ಏನೋ ಉಳಿತಾಯ ಆಗಿರಬೇಕಿತ್ತು, ಅಲ್ವಾ? ಅವನು ಒಪ್ಪಿಕೊಂಡದ್ದು 20,000 ಪೌಂಡ್ ನಗದು, 20,000 ಪೌಂಡ್ ಮೌಲ್ಯದ ಷೇರು, ಮೇಲಿಂದ ವರ್ಷದ ನಿವ್ವಳ ಲಾಭದಲ್ಲಿ ಶೇ 16. ತೈಲ ಸಿಕ್ಕಿದ್ದು 1908ರಲ್ಲಿ. ಅಲ್ಲಿವರೆಗೆ ಏಳು ವರ್ಷ ಬರೀ ಖರ್ಚು.

ಪದ ತಪ್ಪಿದರೆ ವಕೀಲರ ಕೆಲಸವೂ ಅರ್ಥವಾಗದೆ ಹೋಗುತ್ತದೆ. ಇಂಧನ ಸರ್ಕಾರದ ಹಿಡಿತದಲ್ಲಿರುವ ದೇಶಕ್ಕೆ ಹೊರಗಿನ ಕಂಪನಿ ಬಂದರೆ, ಅದರ ವಕೀಲರು ಮೊದಲೇ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು: ತೈಲ ಯಾವ ಜಾಗದಲ್ಲಿ ನಮ್ಮದಾಗುತ್ತದೆ? ಕನ್ಸೆಷನ್ ಆದರೆ ಸಾಮಾನ್ಯವಾಗಿ ಬಾವಿಯ ಬಾಯಲ್ಲೇ. ಕಂಪನಿ ರಾಯಧನ, ತೆರಿಗೆ ಕಟ್ಟಿ ಮಾರಿಕೊಳ್ಳುತ್ತದೆ. ಉತ್ಪಾದನೆ ಹಂಚಿಕೆ ಒಪ್ಪಂದ ಆದರೆ ತೈಲ ಸರ್ಕಾರದ್ದೇ. ಹಾಕಿದ ಖರ್ಚನ್ನು ತೈಲದಲ್ಲೇ ಹಿಂಪಡೆದ ಮೇಲೆ ಉಳಿದದ್ದರಲ್ಲಿ ಕಂಪನಿಗೆ ಪಾಲು. 1960ರ ದಶಕದಲ್ಲಿ ಇಂಡೋನೇಷ್ಯಾ ಈ ದಾರಿ ಹಿಡಿಯಿತು. ಸೇವಾ ಒಪ್ಪಂದದಲ್ಲಿ ಅದೂ ಇಲ್ಲ, ಬರೀ ಕೂಲಿ. 2009ರಲ್ಲಿ ಇರಾಕಿನ ರುಮೈಲಾ ಕ್ಷೇತ್ರಕ್ಕೆ ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸಿಎನ್‌ಪಿಸಿ ಕಂಪನಿಗಳು ಒಪ್ಪಿದ್ದು, ಹೆಚ್ಚುವರಿಯಾಗಿ ತೆಗೆದ ಪ್ರತಿ ಬ್ಯಾರೆಲ್‌ಗೆ 2 ಡಾಲರ್. ಬ್ರೆಜಿಲ್ ಕನ್ಸೆಷನ್ ಪದ್ಧತಿಯನ್ನು ಇಟ್ಟುಕೊಂಡೇ, ಸಮುದ್ರದಾಳದ ಉಪ್ಪಿನ ಪದರದ ಕೆಳಗಿನ ತೈಲಕ್ಕೆ 2010ರಲ್ಲಿ ಹಂಚಿಕೆ ಪದ್ಧತಿ ತಂದಿತು. ಆ ದೇಶದ ಕಾನೂನನ್ನು ‘ರಿಯಾಯಿತಿ’ ಹಿಡಿದುಕೊಂಡು ಅನುವಾದ ಮಾಡಿದರೆ ಉಪ್ಪಿನ ಕೆಳಗಿನ ತೈಲಕ್ಕೆ ಡಿಸ್ಕೌಂಟ್ ನಿಲ್ಲಿಸಿದರು ಅನ್ನಿಸೀತು.

ಬಿಟ್ಟುಕೊಟ್ಟವನೇ ವಾಪಸ್ ಕಿತ್ತುಕೊಂಡರೆ? ಪರ್ಷಿಯಾದಲ್ಲಿ ಅದೂ ಆಯಿತು. ಡಾರ್ಸಿಯ ಕನ್ಸೆಷನ್ 1932ರಲ್ಲಿ ರದ್ದು, 1933ರಲ್ಲಿ ಅದನ್ನು ನಡೆಸುತ್ತಿದ್ದ ಬ್ರಿಟಿಷ್ ಕಂಪನಿಯ ಜೊತೆ ಹೊಸ ಕನ್ಸೆಷನ್, 1951ರಲ್ಲಿ ರಾಷ್ಟ್ರೀಕರಣ. ಬ್ರಿಟನ್ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಓಡಿತು. 1933ರ ಕಾಗದ ಎರಡು ಸರ್ಕಾರಗಳ ನಡುವಿನ ಒಪ್ಪಂದವೂ ಹೌದು ಎಂದು ವಾದಿಸಿತು. ಇಲ್ಲ, ಅದು ಒಂದು ಸರ್ಕಾರ ಮತ್ತು ಒಂದು ವಿದೇಶಿ ಕಂಪನಿ ಮಾಡಿಕೊಂಡ ಕನ್ಸೆಷನ್ ಕರಾರು ಅಷ್ಟೇ ಎಂದಿತು ಕೋರ್ಟು. ಪ್ರಕರಣ ತನ್ನ ವ್ಯಾಪ್ತಿಗೇ ಬರುವುದಿಲ್ಲ ಎಂದು 1952ರಲ್ಲಿ ಕೈತೊಳೆದುಕೊಂಡಿತು. ಇವತ್ತಿನ ವಕೀಲರು ಕರಾರಿನ ಜೊತೆಗೆ ಎರಡು ದೇಶಗಳ ಮಧ್ಯೆ ಹೂಡಿಕೆ ರಕ್ಷಣೆಯ ಒಪ್ಪಂದ ಇದೆಯಾ ಎಂದು ತಡಕುವುದು ಇಂಥ ದಿನಕ್ಕಾಗಿಯೇ. ಕಾನೂನು ಬದಲಾದರೂ ನಮ್ಮ ಲೆಕ್ಕ ಬದಲಾಗಬಾರದು ಅನ್ನುವ ಷರತ್ತು, ಜಗಳವನ್ನು ಮೂರನೇ ದೇಶದ ಪಂಚಾಯ್ತಿಗೆ ಒಯ್ಯುವ ಷರತ್ತು, ಇವೆಲ್ಲ ಕರಾರಿನೊಳಗೆ ಬರುವುದೂ ಅದಕ್ಕೇ. ಎದುರಿಗೆ ಕೂತ ಪಾರ್ಟಿಯ ಕೈಯಲ್ಲೇ ಕಾನೂನು ಮಾಡುವ ಪೆನ್ನೂ ಇರುತ್ತದಲ್ಲ.

ಹಾಗಾದರೆ ಕನ್ನಡದಲ್ಲಿ ಏನನ್ನೋಣ? ಉಂಬಳಿ ಆಗದು, ಅದು ಕಂದಾಯ ಇಲ್ಲದ ಇಲ್ಲವೇ ಹೆಸರಿಗಷ್ಟೇ ಕಂದಾಯ ಇರುವ ಜಮೀನು. ಪರವಾನಗಿ ಸಣ್ಣದಾಯಿತು. ‘ಗಣಿ ಗುತ್ತಿಗೆ’ ಎಲ್ಲರ ಬಾಯಲ್ಲೂ ಇರುವ ಮಾತು, ‘ತೈಲ ಗುತ್ತಿಗೆ’ ಅಂದರೂ ನಡೆಯುತ್ತದೆ. ಆದರೆ ಗುತ್ತಿಗೆದಾರ ಎಂದರೆ ಕೂಲಿಗೆ ಕೆಲಸ ಮಾಡಿಕೊಡುವವನೂ ಆಗುತ್ತಾನೆ, ಸೇವಾ ಒಪ್ಪಂದದ ಜೊತೆ ಕಲಸಿಹೋಗುತ್ತದೆ. ನನ್ನನ್ನು ಕೇಳಿದರೆ ‘ಗುತ್ತಿಗೆ ಹಕ್ಕು’ ಚೆನ್ನ. ಅದೂ ಬೇಡವಾದರೆ ‘ಕನ್ಸೆಷನ್’ ಅಂತಲೇ ಇರಲಿ. ರಿಯಾಯಿತಿಯನ್ನು ಅದರ ಜಾಗಕ್ಕೆ ಉಳಿಸಿಕೊಳ್ಳಲೇಬೇಕು, ಯಾಕೆಂದರೆ ಇದೇ ಒಪ್ಪಂದಗಳ ಒಳಗೆ ಎಷ್ಟೋ ಸಲ ನಿಜವಾದ ತೆರಿಗೆ ರಿಯಾಯಿತಿಯೂ ಇರುತ್ತದೆ. ನಾನು ನೋಡಿದ ಕರಪತ್ರದಲ್ಲೂ ಇತ್ತು: ‘ರಿಯಾಯಿತಿದಾರರಿಗೆ ರಿಯಾಯಿತಿ ಅವಧಿಯಲ್ಲಿ ತೆರಿಗೆ ರಿಯಾಯಿತಿ.’