ಕ್ಯಾಂಪಸ್ ಭದ್ರತೆ: ಅನಾಹುತದ ಬೆನ್ನಿಗೇ ಬಂದ ನಿಯಮಗಳು

ಜೂನ್ ಬಂತೆಂದರೆ ಕಾಸರಗೋಡಿನ ಅಕ್ಷಯ ಎಂಬ ಸರ್ಕಾರಿ ಸೇವಾ ಕೇಂದ್ರಗಳಲ್ಲಿ ಕಾಲೇಜು ಸೇರುವ ಮಕ್ಕಳ ಸಾಲು. ಅವರ ಕಾಗದಗಳ ಕಟ್ಟಿನಲ್ಲಿ ರ‍್ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆ ಎರಡಿರುತ್ತವೆ, ಒಂದು ವಿದ್ಯಾರ್ಥಿಯದು, ಇನ್ನೊಂದು ಹೆತ್ತವರದು. ಹೆಚ್ಚಿನವರು ಓದದೆಯೇ ಸಹಿ ಹಾಕುತ್ತಾರೆ. ಆದರೆ ಆ ಎರಡು ಹಾಳೆಗಳು ದೇಶದ ಎಲ್ಲ ಕಾಲೇಜುಗಳಿಗೂ ಬರಲು 1996ರಿಂದ 2009ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡಿದ್ದವು.

ಕ್ಯಾಂಪಸ್ ಭದ್ರತೆಗೆಂದು ನಮ್ಮಲ್ಲಿರುವ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹೀಗೆಯೇ. ಮೊದಲು ಅನಾಹುತ, ಆಮೇಲೆ ಕೋರ್ಟು, ಅದರ ಹಿಂದೆ ಸುತ್ತೋಲೆ. ಪ್ರತಿ ಸಲವೂ ಹೊಸದೊಂದು ಸಮಿತಿಯೋ ಉಪಕರಣವೋ ಸೇರಿಕೊಂಡಿತು. ಅದನ್ನು ದಿನವೂ ನೋಡಿಕೊಳ್ಳುವವರು ಯಾರು, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಸರಿಯಾಗಬೇಕು ಎಂಬುದನ್ನು ಬರೆದಿಡುವ ಕೆಲಸ ಮಾತ್ರ ಹಿಂದೆ ಬಿತ್ತು. ಇವತ್ತಿನ ತೊಂದರೆಗಳ ಬೇರು ಅಲ್ಲಿದೆ.

1996ರ ನವೆಂಬರಿನಲ್ಲಿ ಚಿದಂಬರಂನ ಅಣ್ಣಾಮಲೈ ವಿಶ್ವವಿದ್ಯಾಲಯದ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ಕೊಂದವನು ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿ. ತಮಿಳುನಾಡು ಕೂಡಲೇ ಸುಗ್ರೀವಾಜ್ಞೆ ತಂದು, 1997ರಲ್ಲಿ ಅದನ್ನು ಕಾಯ್ದೆ ಮಾಡಿತು. ಕೇರಳದ ರ‍್ಯಾಗಿಂಗ್ ನಿಷೇಧ ಕಾಯ್ದೆ 1998ರದು. ಎರಡು ವರ್ಷದ ತನಕ ಜೈಲು, ಹತ್ತು ಸಾವಿರದ ತನಕ ದಂಡ, ಶಿಕ್ಷೆಯಾದವನಿಗೆ ಮೂರು ವರ್ಷ ಯಾವ ಕಾಲೇಜಿನಲ್ಲೂ ಪ್ರವೇಶವಿಲ್ಲ. ಇದಕ್ಕಿಂತ ಮುಖ್ಯವಾದದ್ದು ಅದರ 6 ಮತ್ತು 7ನೇ ಕಲಮುಗಳು. ದೂರು ಬಂದ ಏಳು ದಿನದೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಿಸಬೇಕು. ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆರೋಪಿಯನ್ನು ಅಮಾನತು ಮಾಡಿ ದೂರನ್ನು ಠಾಣೆಗೆ ಕಳಿಸಬೇಕು. ಹಾಗೆ ಮಾಡದೆ ಮುಚ್ಚಿಟ್ಟರೆ ಮುಖ್ಯಸ್ಥರೇ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ. ಈ ಕೊನೆಯ ಮಾತು ಹೆತ್ತವರಿಗೂ ಮಕ್ಕಳಿಗೂ ಗೊತ್ತಿರಬೇಕು. ಮೌಖಿಕ ದೂರು ಗಾಳಿಗೆ ಹೋಗುತ್ತದೆ. ತಾರೀಕು ಹಾಕಿ ಬರೆದು ಕೊಟ್ಟು, ಕಚೇರಿಯ ಮೊಹರು ಬಿದ್ದ ಪ್ರತಿ ಇಟ್ಟುಕೊಂಡರೆ ಏಳು ದಿನದ ಲೆಕ್ಕ ಅಲ್ಲಿಂದ ಶುರು.

ಸುಪ್ರೀಂ ಕೋರ್ಟು 2001ರಲ್ಲಿ ದೇಶಕ್ಕೆಲ್ಲ ಮಾರ್ಗಸೂಚಿ ಕೊಟ್ಟಿತು. ಆಮೇಲೆ ಸಿಬಿಐಯ ಮಾಜಿ ನಿರ್ದೇಶಕ ಆರ್. ಕೆ. ರಾಘವನ್ ಅವರ ಸಮಿತಿ 2007ರಲ್ಲಿ ವರದಿ ಕೊಟ್ಟಿತು. 2009ರ ಮಾರ್ಚಿನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಮತ್ತೊಬ್ಬ ವಿದ್ಯಾರ್ಥಿ ಹೊಡೆತಕ್ಕೆ ಸತ್ತ ಮೇಲೆ, ಅದೇ ಜೂನಿನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ನಿಯಮಾವಳಿ ಹೊರಬಿತ್ತು. 1800-180-5522 ಎಂಬ ಸಹಾಯವಾಣಿ, ಮುಚ್ಚಳಿಕೆ, ರಾತ್ರಿ ಹಾಸ್ಟೆಲಿಗೆ ದಿಢೀರನೆ ಹೋಗಿ ನೋಡುವ ದಳ, 24 ಗಂಟೆಯೊಳಗೆ ಎಫ್‌ಐಆರ್ ಎಲ್ಲ ಅಲ್ಲಿಂದ ಬಂದವು. ಹೊಸಬರಿಗೆ ಪ್ರತ್ಯೇಕ ಹಾಸ್ಟೆಲ್ ಕಟ್ಟಡ ಇರಬೇಕು, ಆರು ಮಂದಿ ಹೊಸಬರಿಗೆ ಒಬ್ಬ ಮಾರ್ಗದರ್ಶಕ ಇರಬೇಕು ಎಂದೂ ಅದರಲ್ಲಿದೆ. ಜಾರಿಗೆ ಬಾರದೆ ಉಳಿದಿರುವುದು ಹೆಚ್ಚಾಗಿ ಈ ಕೊನೆಯ ಎರಡೇ. ಕಾಗದಕ್ಕೆ ಖರ್ಚಿಲ್ಲ, ಕಟ್ಟಡಕ್ಕೂ ಆಳಿಗೂ ಖರ್ಚಿದೆ.

ಅದರ ಫಲ ಕೇರಳದಲ್ಲೇ ಕಂಡಿತು. 2024ರ ಫೆಬ್ರವರಿಯಲ್ಲಿ ವಯನಾಡಿನ ಪೂಕ್ಕೋಡ್ ಪಶುವೈದ್ಯಕೀಯ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಶವವಾಗಿ ಸಿಕ್ಕಿದ. ಅದಕ್ಕೆ ಮೊದಲು ಅವನ ಮೇಲೆ ಹಾಸ್ಟೆಲಿನಲ್ಲೇ ಹಲ್ಲೆ ನಡೆದಿತ್ತೆಂದು ತನಿಖೆಯಲ್ಲಿ ಹೊರಬಂತು. 2025ರ ಫೆಬ್ರವರಿಯಲ್ಲಿ ಕೋಟ್ಟಯಂನ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ತಿಂಗಳುಗಟ್ಟಲೆ ನಡೆದ ಹಿಂಸೆ ಹೊರಬಿದ್ದು, ಮೂರನೇ ವರ್ಷದ ಐವರ ಬಂಧನವಾಯಿತು. ಅದರ ಮರುತಿಂಗಳು ಕೇರಳ ಹೈಕೋರ್ಟು ರ‍್ಯಾಗಿಂಗ್ ಪ್ರಕರಣಗಳಿಗೆಂದೇ ವಿಶೇಷ ಪೀಠ ರಚಿಸಿತು. ಇಂಥ ಹಿಂಸೆ ತರಗತಿಯಲ್ಲಿ ನಡೆಯುವುದಿಲ್ಲ. ವಾರ್ಡನ್ ಆದ ಅಧ್ಯಾಪಕರು ಸಂಜೆ ಮನೆಗೆ ಹೋದ ಮೇಲೆ, ಹಿರಿಯರ ಕೋಣೆಗಳಲ್ಲಿ ನಡೆಯುತ್ತದೆ. ಹಾಸ್ಟೆಲಿನಲ್ಲೇ ಉಳಿಯುವ ವಾರ್ಡನ್ ಇಲ್ಲದ ಕಡೆ ಎಷ್ಟು ಸಮಿತಿಗಳಿದ್ದರೂ ಆ ಹೊತ್ತಿಗೆ ನೆರವಾಗುವವರು ಯಾರೂ ಇಲ್ಲ.

ಲೈಂಗಿಕ ಕಿರುಕುಳದ ಕಾನೂನು ಬೇರೆ ದಾರಿಯಲ್ಲಿ ಬಂತು. ಕೆಲಸದ ಜಾಗದ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 1997ರ ವಿಶಾಖಾ ತೀರ್ಪು, 2013ರ ಕಾಯ್ದೆ, ಅದರ ಮೇಲೆ ಯುಜಿಸಿಯ 2015ರ ನಿಯಮಾವಳಿ. ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನ ಸಂಸ್ಥೆಯಿಂದ ಒಬ್ಬರು, ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು ಮೂವರು. ಕುಲಪತಿ, ಕುಲಸಚಿವ, ಡೀನ್‌ಗಳು ಸದಸ್ಯರಾಗುವಂತಿಲ್ಲ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಡವಾದದ್ದಕ್ಕೆ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆಗೆ 90 ದಿನ. ಸಮಿತಿ ಎಡವುವುದು ಸಾಮಾನ್ಯವಾಗಿ ಹೊರಗಿನ ಸದಸ್ಯರ ವಿಷಯದಲ್ಲಿ. ಅವರ ಅವಧಿ ಮುಗಿದದ್ದನ್ನು ಗಮನಿಸದೆ ವಿಚಾರಣೆ ನಡೆಸಿದರೆ, ಕೋರ್ಟಿನಲ್ಲಿ ಸಮಿತಿಯ ರಚನೆಯೇ ಪ್ರಶ್ನೆಗೆ ಬಿದ್ದು, ದೂರು ಕೊಟ್ಟವಳು ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗುತ್ತದೆ.

ಬಹಳ ಕಾಲ ಹುಡುಗಿಯರ ಭದ್ರತೆಯೆಂದರೆ ಹಾಸ್ಟೆಲಿಗೆ ಬೀಗ ಎಂದೇ ಇತ್ತು. 2022ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ನಿರ್ಬಂಧವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಹುಡುಗಿಯರಿಗೆ ಮಾತ್ರ ಯಾಕೆ ಎಂದು ಕೋರ್ಟು ಕೇಳಿತು. ಆ ಡಿಸೆಂಬರಿನಲ್ಲಿ ಬಂದ ಸರ್ಕಾರಿ ಆದೇಶ ಹುಡುಗ ಹುಡುಗಿಯರ ಹಾಸ್ಟೆಲುಗಳಿಗೆ ಒಂದೇ ನಿಯಮ ಮಾಡಿತು. ಇದು ಸರಿಯಾದ ತಿರುವು. ಬೀಗ ಹಾಕಿದ ಸಂಸ್ಥೆಗೆ ದಾರಿಯ ದೀಪದ ಬಗ್ಗೆ ಯೋಚಿಸುವ ಅಗತ್ಯವೇ ಬರುವುದಿಲ್ಲ. ಬೀಗ ತೆಗೆದ ಕೂಡಲೇ ಬಸ್‌ಸ್ಟಾಪಿನಿಂದ ಹಾಸ್ಟೆಲ್ ಬಾಗಿಲ ತನಕದ ದಾರಿ ಸಂಸ್ಥೆಯ ಹೊಣೆಯಾಗುತ್ತದೆ.

ಕಾಸರಗೋಡಿನಲ್ಲಿ ಆ ದಾರಿಯೇ ದೊಡ್ಡ ವಿಷಯ. ವಿದ್ಯಾನಗರದ ಸರ್ಕಾರಿ ಕಾಲೇಜು 1957ರದು. ಕಣ್ಣೂರು ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿ, ಅದರ ಕಾಸರಗೋಡು ಕ್ಯಾಂಪಸ್ಸೂ ಇದೇ ಪರಿಸರಕ್ಕೆ ಬಂತು. ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಈಗ ಪೆರಿಯದಲ್ಲಿದೆ. ಇಲ್ಲೆಲ್ಲ ಮಕ್ಕಳ ಓಡಾಟಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ನಂಟು. ತಲಪಾಡಿಯಿಂದ ದಕ್ಷಿಣಕ್ಕೆ ಅದು ಆರು ಪಥವಾದ ಮೇಲೆ ರಸ್ತೆ ದಾಟಲು ಅಂಡರ್‌ಪಾಸೋ ಮೇಲ್ಸೇತುವೆಯೋ ಬೇಕು. ಅಲ್ಲಿಗೆ ಹೋಗಲು ದೂರ ನಡೆಯಬೇಕಾದರೆ ಜನ ನಡುವಿನ ತಡೆಗೋಡೆಯನ್ನೇ ಹಾರುತ್ತಾರೆ. ಅಂಡರ್‌ಪಾಸಿನೊಳಗೆ ಹಗಲಲ್ಲೂ ಉರಿಯುವ ದೀಪ, ಮಳೆನೀರು ನಿಲ್ಲದಂಥ ಚರಂಡಿ, ಸರ್ವಿಸ್ ರಸ್ತೆಯ ಬಸ್‌ಸ್ಟಾಪಿನಲ್ಲಿ ಬೆಳಕು, ಈ ಮೂರಕ್ಕೆ ಕಾಲೇಜು ಲಿಖಿತ ಬೇಡಿಕೆ ಕೊಡಬೇಕು. ಗೇಟಿನಿಂದ ಹೊರಗೆ ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ; ಯುಜಿಸಿಯ 2015ರ ಸುರಕ್ಷತಾ ಮಾರ್ಗಸೂಚಿಯ ಹೆಸರಿನಲ್ಲೇ ಕ್ಯಾಂಪಸ್ಸಿನ ಒಳಗೂ ಹೊರಗೂ ಎಂದಿದೆ.

ಒಳದಾರಿಯಲ್ಲಿ ಕಂಬಗಳ ನಡುವಿನ ಅಂತರ ಎತ್ತರದ ಮೂರು, ಮೂರೂವರೆ ಪಟ್ಟು ಮೀರಬಾರದು. ಆರು ಮೀಟರ್ ಕಂಬಕ್ಕೆ ಹದಿನೆಂಟರಿಂದ ಇಪ್ಪತ್ತೊಂದು ಮೀಟರ್. ಗೇಟಿನಲ್ಲಿ ಒಂದು ದೈತ್ಯ ದೀಪ ಹಾಕಿ ಮಧ್ಯೆ ಕತ್ತಲು ಬಿಟ್ಟರೆ ಏನೂ ಇಲ್ಲದ್ದಕ್ಕಿಂತ ಕೆಟ್ಟದು, ಬೆಳಕಿಗೆ ಒಗ್ಗಿದ ಕಣ್ಣಿಗೆ ಆಚೆಯದು ಏನೂ ಕಾಣದು. ಅಕೇಶಿಯಾ, ಹಲಸಿನ ಕೊಂಬೆಗಳಿಗಿಂತ ಎತ್ತರದಲ್ಲಿ ದೀಪ ಇಟ್ಟರೆ ಬೆಳಕು ಎಲೆಯ ಮೇಲೇ ಉಳಿಯುತ್ತದೆ. ದೀಪ ಕೊಂಬೆಗಿಂತ ಕೆಳಗಿರಬೇಕು. ದಾರಿಯ ಬದಿಯ ಪೊದೆ ಎರಡಡಿ ಮೀರಬಾರದು, ಕೊಂಬೆ ಏಳಡಿಗಿಂತ ಕೆಳಗೆ ಇಳಿಯಬಾರದು. ನಮ್ಮ ಮಳೆಗೆ ಮೇ ತಿಂಗಳಲ್ಲಿ ಸವರಿದ ಪೊದೆ ಆಗಸ್ಟಿಗೆ ಆಳೆತ್ತರವಾಗುತ್ತದೆ. ಹಾಗಾಗಿ ಸವರುವ ಗುತ್ತಿಗೆ ವರ್ಷಕ್ಕೊಂದು ಸಲದ್ದಾದರೆ ಸಾಲದು. ಆಸುಪಾಸಿನಲ್ಲಿ ಕೈಬಿಟ್ಟ ಕೆಂಪುಕಲ್ಲಿನ ಕೋರೆಯಿದ್ದರೆ ಮಳೆಗಾಲಕ್ಕೆ ಮೊದಲೇ ಬೇಲಿ ಹಾಕಬೇಕು. ನೀರು ತುಂಬಿದ ಮೇಲೆ ಆಳ ತಿಳಿಯುವುದಿಲ್ಲ.

ಕ್ಯಾಮರಾಗಳ ಮಾತು ಜೋರಾದದ್ದು 2024ರ ಡಿಸೆಂಬರಿನಲ್ಲಿ, ಚೆನ್ನೈ ನಗರದ ನಡುವಿರುವ ಅಣ್ಣಾ ವಿಶ್ವವಿದ್ಯಾಲಯದ ಆವರಣದೊಳಗೆ ವಿದ್ಯಾರ್ಥಿನಿಯೊಬ್ಬಳ ಮೇಲೆ ಹೊರಗಿನವನು ಲೈಂಗಿಕ ದೌರ್ಜನ್ಯ ನಡೆಸಿದಾಗ. 2025ರ ಜೂನಿನಲ್ಲಿ ಅವನಿಗೆ ಕನಿಷ್ಠ 30 ವರ್ಷ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯಾಯಿತು. ಆ ಪ್ರಕರಣದಲ್ಲಿ ಇನ್ನೊಂದು ಅನ್ಯಾಯವೂ ನಡೆಯಿತು. ಸಂತ್ರಸ್ತೆಯ ಗುರುತು ಇದ್ದ ಎಫ್‌ಐಆರ್ ಸೋರಿಹೋಯಿತು. ಮದ್ರಾಸ್ ಹೈಕೋರ್ಟು ಅದಕ್ಕಾಗಿ ಆಕೆಗೆ 25 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಮೂವರು ಮಹಿಳಾ ಐಪಿಎಸ್ ಅಧಿಕಾರಿಗಳ ವಿಶೇಷ ತಂಡಕ್ಕೆ ತನಿಖೆ ವಹಿಸಿತು.

ಎಷ್ಟು ಕ್ಯಾಮರಾ ಇದೆ ಎಂಬುದು ತಪ್ಪು ಪ್ರಶ್ನೆ. ಅಪರಿಚಿತನ ಮುಖ ಗುರುತಿಸಲು ದೃಶ್ಯದ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು. ಎರಡು ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರ 1920 ಪಿಕ್ಸೆಲ್ ಅಗಲ. ಅಂದರೆ ಅದು ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲವನ್ನಷ್ಟೇ ನಂಬುವಂತೆ ತೋರಿಸಬಲ್ಲದು. ಅದನ್ನೇ ಮೂವತ್ತು ಮೀಟರ್ ಮೈದಾನಕ್ಕೆ ತಿರುಗಿಸಿದರೆ ಯಾರೋ ನಡೆದುಹೋದರು ಎಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗದು. ಆದ್ದರಿಂದ ಮುಖ ಹಿಡಿಯುವ ಕ್ಯಾಮರಾ ಗೇಟು, ಮೆಟ್ಟಿಲು, ಹಾಸ್ಟೆಲ್ ಬಾಗಿಲಂಥ ಇಕ್ಕಟ್ಟಿನ ಜಾಗದಲ್ಲಿರಲಿ. ಸೆಕೆಂಡಿಗೆ ಎರಡು ಮೆಗಾಬಿಟ್ (ಎಂಬಿಪಿಎಸ್) ವೇಗದಲ್ಲಿ ದಾಖಲಾದರೆ ಒಂದು ಕ್ಯಾಮರಾಕ್ಕೆ ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ. ಹದಿನಾರು ಕ್ಯಾಮರಾಗಳ ಮೂವತ್ತು ದಿನಕ್ಕೆ 10 ಟಿಬಿಗಿಂತ ಹೆಚ್ಚು ಬೇಕು. ಟೆಂಡರಿನಲ್ಲಿ ನಾಲ್ಕು ಟಿಬಿ ಡಿಸ್ಕ್ ಬರೆದರೆ ಹನ್ನೊಂದು ದಿನಕ್ಕೆ ಹಳೆಯದರ ಮೇಲೆ ಹೊಸದು ಬಿದ್ದು, ಎರಡು ವಾರದ ನಂತರ ಧೈರ್ಯ ಮಾಡಿ ದೂರು ಕೊಡುವ ಹುಡುಗಿಗೆ ಸಾಕ್ಷ್ಯ ಉಳಿಯುವುದಿಲ್ಲ.

ಇನ್ನು ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು, ಅಕ್ಟೋಬರ್ ನವೆಂಬರಿನ ಹಿಂಗಾರು, ಎರಡರಲ್ಲೂ ಇಲ್ಲಿ ಕ್ಯಾಮರಾಗಳು ಸುಟ್ಟುಹೋಗುತ್ತವೆ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿ ಎಳೆದಿದ್ದರೆ ಸಿಡಿಲಿನ ಸೆಳೆತ ಅದರಲ್ಲೇ ಓಡಿಬಂದು ಸ್ವಿಚ್ಚನ್ನೂ ರೆಕಾರ್ಡರನ್ನೂ ಕೆಡಿಸುತ್ತದೆ. ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಹಾಕಬೇಕು, ಅದರಲ್ಲಿ ವಿದ್ಯುತ್ ಹರಿಯದು. ಅರ್ಥಿಂಗನ್ನು ಜುಲೈಯಲ್ಲಿ ಅಳೆದರೆ ನೆಲ ನೆನೆದಿರುವುದರಿಂದ ಎಲ್ಲ ಸರಿಯಿದ್ದಂತೆ ತೋರುತ್ತದೆ. ಕೆಂಪುಕಲ್ಲಿನ ಗುಡ್ಡ ಏಪ್ರಿಲಿನಲ್ಲಿ ಒಣಗಿದಾಗ ಅದೇ ಅರ್ಥಿಂಗಿನ ರೋಧ ಏರುತ್ತದೆ. ಹಾಗಾಗಿ ಅಳೆಯಬೇಕಾದ್ದು ಬೇಸಿಗೆಯಲ್ಲಿ. ಕರೆಂಟು ಹೋದ ಹೊತ್ತಿಗೆ ಹದಿನಾರು ಕ್ಯಾಮರಾ, ರೆಕಾರ್ಡರ್, ಸ್ವಿಚ್ಚು ಸೇರಿ ಸುಮಾರು ಇನ್ನೂರು ವಾಟ್ ಬೇಡುತ್ತವೆ. ನೂರೈವತ್ತು ಆಂಪಿಯರ್ ಅವರ್‌ನ ಒಂದು ಹನ್ನೆರಡು ವೋಲ್ಟ್ ಬ್ಯಾಟರಿ ಅರ್ಧ ಇಳಿಯುವ ತನಕ ನಾಲ್ಕು ಗಂಟೆ ತಡೆದೀತು. ರೆಕಾರ್ಡರಿನ ಗಡಿಯಾರವನ್ನು ವಾರಕ್ಕೊಮ್ಮೆ ನೋಡಲೇಬೇಕು. ಗಂಟೆ ತಪ್ಪಿದ್ದರೆ ದೃಶ್ಯ ಇದ್ದೂ ಪ್ರಯೋಜನ ಕಡಿಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜತೆ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿದೆಯೇ ಎಂದು ತಿಳಿಸುವ ಗುರುತಿನ ಸಂಖ್ಯೆ, ನಮೂದಿಸಿದ ಪ್ರಮಾಣಪತ್ರವೂ ಬೇಕು. ಅದನ್ನು ಬರೆದುಕೊಡಲು ಯಾರಿಗೆ ಗೊತ್ತು ಎಂದು ಕಾಲೇಜು ಈಗಲೇ ತೀರ್ಮಾನಿಸಿಟ್ಟಿರಬೇಕು.

ಗುಂಪಿನ ಸುರಕ್ಷತೆಯನ್ನು ಕೇರಳಕ್ಕೆ ಕಲಿಸಿದ್ದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಕುಸಾಟ್. 2023ರ ನವೆಂಬರ್ 25ರ ಸಂಜೆ ಬಯಲು ರಂಗಮಂದಿರದ ಸಂಗೀತ ಕಾರ್ಯಕ್ರಮಕ್ಕೆ ನೂಕುನುಗ್ಗಲಾಗಿ, ಇಳಿಜಾರಿನ ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಾಲ್ವರು ಸತ್ತರು, ಅವರಲ್ಲಿ ಮೂವರು ವಿದ್ಯಾರ್ಥಿಗಳು. ಕಾಲೇಜು ದಿನಾಚರಣೆ, ಓಣಂ, ಕಲೋತ್ಸವ ನಡೆಸುವವರೆಲ್ಲ ಮಾಡಬೇಕಾದ ಲೆಕ್ಕ ಸರಳ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಮೆಟ್ಟಿಲಿನಲ್ಲಿ ತಲೆಗೆ 10 ಮಿಲಿಮೀಟರ್, ಸಮತಟ್ಟಿನಲ್ಲಿ 6.5 ಮಿಲಿಮೀಟರ್ ಅಗಲದ ನಿರ್ಗಮನ ಬೇಕು. ಸಾವಿರ ಮಂದಿಗೆ ಒಟ್ಟು ಹತ್ತು ಮೀಟರ್ ಮೆಟ್ಟಿಲು, ಇಲ್ಲವೇ ಆರೂವರೆ ಮೀಟರ್ ಬಾಗಿಲು, ಅದೂ ಬೇರೆ ಬೇರೆ ದಿಕ್ಕಿಗೆ ಹಂಚಿ. ಪಾಸು ನೋಡಲೆಂದು ಒಂದೇ ಗೇಟು ತೆರೆದಿಟ್ಟರೆ ಈ ಲೆಕ್ಕ ಅಲ್ಲಿಗೇ ಕುಸಿಯುತ್ತದೆ. ಚದರ ಮೀಟರಿಗೆ ನಾಲ್ಕು ಮಂದಿ ದಾಟಿದರೆ ಹೆಜ್ಜೆ ಹಿಡಿತ ತಪ್ಪಲು ಶುರು, ಆರು ದಾಟಿದರೆ ಯಾರೂ ತಮ್ಮಿಚ್ಛೆಯಂತೆ ಚಲಿಸಲಾರರು. ಮಳೆ ಬಂದರೆ ಹೊರಗಿನವರು ಒಳಗೆ ಓಡುತ್ತಾರೆಂಬುದನ್ನು ಇಲ್ಲಿ ಮೊದಲೇ ಎಣಿಸಬೇಕು. ಹೊರಗೆ ಕಾಯುವವರಿಗೂ ಒಂದು ಮಾಡು ಇರಲಿ.

ಗಡಿಯ ಮಕ್ಕಳಿಗೆ ಇನ್ನೊಂದು ತೊಡಕು. ಬೆಳಗ್ಗೆ ಮಂಜೇಶ್ವರ, ಉಪ್ಪಳದಿಂದ ಮಂಗಳೂರಿಗೆ ಹೋಗಿ ಸಂಜೆ ಬರುವವರಿಗೆ ಎರಡು ರಾಜ್ಯಗಳ ಪೊಲೀಸರು. ಬಸ್ಸಿನಲ್ಲಿ ಏನಾದರೂ ನಡೆದರೆ ಇದು ನಮ್ಮ ವ್ಯಾಪ್ತಿಯಲ್ಲ ಎನ್ನುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ದಾಖಲಿಸಬಹುದು. ಇಮೇಲಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ರೈಲಿನಲ್ಲಾದರೆ ರೈಲ್ವೆ ಸಹಾಯವಾಣಿ 139. ತಲಪಾಡಿಯ ಹತ್ತಿರ ಮೊಬೈಲು ಆಚೆ ಕಡೆಯ ಟವರ್ ಹಿಡಿಯಬಹುದು, ಆದ್ದರಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರೆ ಮೊದಲ ಮಾತು ಊರಿನ ಹೆಸರು ಮತ್ತು ರಾಜ್ಯ, ಉಳಿದದ್ದು ಆಮೇಲೆ.

ಭಾಷೆಯ ಹಕ್ಕನ್ನೂ ಕೇಳಿ ಪಡೆಯಬೇಕು. 2009ರ ನಿಯಮಾವಳಿಯಂತೆ ಮುಚ್ಚಳಿಕೆ ಅರ್ಜಿದಾರರಿಗೆ ಗೊತ್ತಿರುವ ಪ್ರಾದೇಶಿಕ ಭಾಷೆಯಲ್ಲೂ ಇರಬಹುದು. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಮಕ್ಕಳ ಹೆತ್ತವರು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಹಾಳೆಗೆ ಸಹಿ ಹಾಕಿ ಬರುವ ಬದಲು ಕನ್ನಡದ ಪ್ರತಿ ಕೇಳಲಿ. ದೂರು ಸಮಿತಿಯ ಸದಸ್ಯರ ಹೆಸರು, ವಾರ್ಡನ್ನರ ರಾತ್ರಿಯ ಫೋನ್ ಸಂಖ್ಯೆ ಇರುವ ಫಲಕವೂ ಹಾಸ್ಟೆಲಿನ ಮತ್ತು ಬಸ್‌ಸ್ಟಾಪಿನ ಗೋಡೆಗಳಲ್ಲಿ ಕನ್ನಡದಲ್ಲಿ ಬೇಕು. ಪ್ರವೇಶದ ದಿನ ಕಚೇರಿಯಲ್ಲಿ ಶುಲ್ಕ ಕಟ್ಟುವ ಮೊದಲು ಹಾಸ್ಟೆಲಿನಲ್ಲಿ ರಾತ್ರಿ ಉಳಿಯುವ ವಾರ್ಡನ್ ಯಾರು, ಹೊಸಬರ ಕೋಣೆಗಳು ಯಾವ ಮಹಡಿಯಲ್ಲಿ, ಕ್ಯಾಮರಾದ ದೃಶ್ಯ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ, ಉತ್ತರವನ್ನು ಬರೆದುಕೊಂಡು ಬರಬೇಕು.