ಬ್ರಹ್ಮಗಿರಿಯ ತೊರೆ ನೆಲಗಪ್ಪೆ: ಆವಾಸ ಎಂದರೆ ಎಷ್ಟು ಜಾಗ?

ಹೆಸರಿನ ವಿಷಯ ಮೊದಲು ಮುಗಿಸಿಬಿಡೋಣ. ಪ್ರಾಣಿವಿಜ್ಞಾನಿ ಆಲ್ಬರ್ಟ್ ಗುಂಥರ್ 1876ರಲ್ಲಿ ಈ ತೊರೆ ನೆಲಗಪ್ಪೆಯನ್ನು ಆನ್ಸೋನಿಯ ಆರ್ನೇಟ ಎಂದು ಹೆಸರಿಸಿದರು. ಆನ್ಸೋನಿಯಗಳು ಆಗ್ನೇಯ ಏಷ್ಯಾದವು, ನಮ್ಮದರ ವಂಶವೇ ಬೇರೆ ಎಂದು ತಿಳಿದ ಮೇಲೆ 2009ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಘಾಟೋಫ್ರೈನ್ ಎಂಬ ಹೊಸ ಕುಲ ಮಾಡಿದರು. ಹಳೆಯ ಗೈಡುಗಳಲ್ಲಿ ಹಳೆಯ ಹೆಸರೇ ಸಿಕ್ಕರೆ ಗಾಬರಿಯಾಗಬೇಡಿ.

ಮೂಲ ಮಾದರಿ, ಅಂದರೆ ಹೆಸರಿಡಲು ಆಧಾರವಾದ ಕಪ್ಪೆ, ಸಿಕ್ಕ ಜಾಗ ಬ್ರಹ್ಮಗಿರಿ. ಕೊಡಗಿನಲ್ಲಿ ಎರಡು ಬ್ರಹ್ಮಗಿರಿಗಳಿವೆ! ತಲಕಾವೇರಿಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಶಿಖರ ಒಂದು. ಇರ್ಪು ಜಲಪಾತದ ಮೇಲಿಂದ ವಯನಾಡಿನ ಗಡಿಗುಂಟ ಹಬ್ಬಿದ ಸಾಲು ಇನ್ನೊಂದು. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು.

ಪರೀಕ್ಷೆಯಲ್ಲಿ ಆವಾಸ ಕೇಳಿದರೆ ‘ನಿತ್ಯಹರಿದ್ವರ್ಣ ಕಾಡು’ ಎಂದಷ್ಟೇ ಬರೆದು ಮುಂದೆ ಹೋಗುತ್ತೇವೆ. ಸಾಲದು. ಕಾಫಿ ಕಣದ ದೀಪದ ಕೆಳಗೆ ಹುಳ ಹಿಡಿಯಲು ಬರುವ ಸಾಮಾನ್ಯ ನೆಲಗಪ್ಪೆಗೆ ನಿಂತ ನೀರಿನ ಗುಂಡಿ ಸಿಕ್ಕರೂ ಮೊಟ್ಟೆ ಇಡಲು ಸಾಕು. ಈ ಪುಟ್ಟ ಕಪ್ಪೆಗೆ ಬೇಕಾದದ್ದು ಕಾಡಿನೊಳಗೆ ರಭಸದಿಂದ ಇಳಿಯುವ ತೊರೆ, ಅದರ ಒದ್ದೆ ಬಂಡೆ. ಮೇಲಿನಿಂದ ನೋಡಿದರೆ ಮೈ ಕಪ್ಪು-ಕಂದು, ಬಂಡೆಯ ಬಣ್ಣದಲ್ಲೇ ಸೇರಿಹೋಗುತ್ತದೆ. ಹೊಟ್ಟೆಯ ಕಡೆ ಮಾತ್ರ ಢಾಳಾದ ಮಚ್ಚೆಗಳು.

ಹರಿವ ನೀರಿನಲ್ಲಿ ಗೊದಮೊಟ್ಟೆ ಕೊಚ್ಚಿಹೋಗದೆ ಹೇಗೆ ಉಳಿಯುತ್ತದೆ? ರಭಸದ ತೊರೆಗಳಲ್ಲಿ ಬೆಳೆಯುವ ಗೊದಮೊಟ್ಟೆಗಳ ಬಾಯಿ ಸಾಮಾನ್ಯವಾಗಿ ಅಗಲ. ಅದರಲ್ಲೇ ಕಲ್ಲನ್ನು ಕಚ್ಚಿ ಹಿಡಿದು, ಕಲ್ಲಿನ ಮೇಲಿನ ಪಾಚಿಯನ್ನೂ ಕೆರೆದು ತಿನ್ನುತ್ತವೆ. ಅಂದರೆ ಹಿಡಿತವೂ ಊಟವೂ ಒಂದೇ ಕಲ್ಲಿನ ಮೇಲೆ. ನನ್ನ ಪ್ರಕಾರ ಇಡೀ ಪಾಠದ ಕೀಲಿ ಇಲ್ಲೇ ಇದೆ. ಮೇಲೆಲ್ಲೋ ರಸ್ತೆಗೆ ಗುಡ್ಡ ಕಡಿದರೆ, ಮಳೆಗೆ ಇಳಿದ ಕೆಂಪು ಮಣ್ಣು ಆ ಕಲ್ಲಿನ ಮೇಲೆ ಕೂರುತ್ತದೆ. ತೊರೆ ಬತ್ತಿರುವುದಿಲ್ಲ, ದಡದ ಮರವೂ ನಿಂತಿರುತ್ತದೆ. ಗೊದಮೊಟ್ಟೆಗೆ ಮಾತ್ರ ಹಿಡಿಯಲು ಜಾಗವಿಲ್ಲ. ದಡದ ಮರ ಕಡಿದರೆ ಇನ್ನೊಂದು ಏಟು: ಬಿಸಿಲು ತಾಗಿ ನೀರು ಬೆಚ್ಚಗಾಗುತ್ತದೆ, ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಹಳ್ಳಗಳೆಲ್ಲ ಕೆಸರಾಗಿ ಹರಿದದ್ದನ್ನು ನೆನೆದರೆ ಈ ಪರಿಣಾಮ ಬೇಗ ಅರ್ಥವಾದೀತು, ಅದು ಬ್ರಹ್ಮಗಿರಿಯಿಂದ ದೂರವಾದರೂ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ 2004ರಲ್ಲಿ ಈ ನೆಲಗಪ್ಪೆಯನ್ನು ಅಳಿವಿನ ಅಪಾಯದಲ್ಲಿರುವ ಪ್ರಭೇದಗಳಲ್ಲಿ ಸೇರಿಸಿತು. ಬ್ರಹ್ಮಗಿರಿ ವನ್ಯಜೀವಿಧಾಮ ಘೋಷಣೆಯಾದದ್ದು 1974ರಲ್ಲಿ, ವಿಸ್ತೀರ್ಣ ಸುಮಾರು 181 ಚದರ ಕಿ.ಮೀ. ಈ ಎರಡು ಸಂಗತಿ ಒಂದು ಅಂಕದ ಪ್ರಶ್ನೆಗೆ ಸಾಕು. ಐದು ಅಂಕಕ್ಕೆ ಬಂದರೆ ಕಲ್ಲು, ಪಾಚಿ, ಹೂಳು ಈ ಮೂರರ ಸಂಬಂಧವನ್ನು ಒಂದು ಚಿತ್ರ ಬರೆದು ತೋರಿಸಿ.